ಗಂಟಿ ಪಂಪಣ್ಣನ ಕಾವಲು

ಪಂಪಣ್ಣನ ಎಲ್ಲ ಅಂಗಿಗಳ ಜೇಬಿಗೂ ಒಂದು ಸುಟ್ಟ ತೂತು ಇರುತ್ತಿತ್ತು. ಬೆಸುಗೆ ಹಾಕುವ ಕಡ್ಡಿ ಆರುವ ತನಕ ಕಾಯುವಷ್ಟು ತಾಳ್ಮೆ ಆ ಮನುಷ್ಯನಿಗೆ ಇರಲಿಲ್ಲ. ಬಿಸಿ ಇರುವಾಗಲೇ ಚಿಂದಿಯಲ್ಲಿ ಸುತ್ತಿ ಜೇಬಿಗೆ ತುರುಕಿ ಮೊಪೆಡ್ ಹತ್ತಿಬಿಡುತ್ತಿದ್ದ. ಅರ್ಧ ದಾರಿಯಲ್ಲಿ ಎದೆ ಚುರ್ ಅಂದಾಗ ಇಳಿದು, ಉಜ್ಜಿಕೊಂಡು, ರಸ್ತೆಯಲ್ಲಿ ಹೋಗುತ್ತಿದ್ದವರನ್ನು ಬೈದು ಮತ್ತೆ ಹತ್ತುತ್ತಿದ್ದ. ತನ್ನ ಜೇಬನ್ನೇ ಕಾಯಲಾರದ ಈ ಮನುಷ್ಯ ಅರ್ಧ ಹೊಸಪೇಟೆಗೆ ಕಾವಲು ಮಾರುತ್ತಿದ್ದ ಎನ್ನುವುದನ್ನು ನೆನೆದರೆ ನನಗೆ ಈಗಲೂ ನಗು ಬರುತ್ತದೆ. ಒಳ್ಳೆಯ ನಗು ಅಲ್ಲ ಅದು.

ಊರಿನವರು ಅವನನ್ನು ಗಂಟಿ ಪಂಪಣ್ಣ ಎನ್ನುತ್ತಿದ್ದರು. ಚಿತ್ತವಾಡ್ಗಿಯಲ್ಲಿ ಅವನ ಅಂಗಡಿ. ಒಂದು ಬಾಗಿಲು, ಒಂದು ಮೇಜು, ಹೊಟ್ಟೆ ಬಗೆದಿಟ್ಟ ನಾಲ್ಕಾರು ರೇಡಿಯೋ. ಮೊದಮೊದಲು ಅವನು ಕಂಪ್ಲಿ ಕಡೆಯ ರೈತರಿಗೆ ಕರೆಂಟಿನ ಗಂಟೆ ಮಾಡಿಕೊಡುತ್ತಿದ್ದ. ಹೊಳೆ ದಂಡೆಯ ಪಂಪುಸೆಟ್ಟಿಗೆ ಥ್ರೀ ಫೇಸ್ ಕರೆಂಟು ಯಾವಾಗ ಬರುತ್ತದೆ ಎನ್ನುವುದು ದೇವರಿಗೂ ಗೊತ್ತಿರಲಿಲ್ಲ. ಇವನು ಮನೆಯ ಪಡಸಾಲೆಗೆ ಒಂದು ಗಂಟೆ ಜೋಡಿಸಿ, ಕರೆಂಟು ಬಂದ ಕೂಡಲೇ ಬಡಿಯುವ ಹಾಗೆ ಮಾಡುತ್ತಿದ್ದ. ಆಮೇಲೆ ಅಕ್ಕಿ ಗಿರಣಿಯಲ್ಲಿ ಪಟ್ಟಾ ಹರಿದರೆ ಗಂಟೆ, ಬಟ್ಟೆ ಅಂಗಡಿಯ ಶಟರು ಎತ್ತಿದರೆ ಗಂಟೆ, ಮಾಳಿಗೆಯ ಟ್ಯಾಂಕು ತುಂಬಿದರೆ ಗಂಟೆ. ಮನುಷ್ಯರಿಗೆ ಬರುವ ಯಾವ ಕಷ್ಟಕ್ಕೂ ಅವನ ಹತ್ತಿರ ಅದೊಂದೇ ಔಷಧಿ ಇತ್ತು.

ಯಾರ ಕಚೇರಿಗೆ ಹೋದರೂ ಅವನು ಮೊದಲು ಮನುಷ್ಯರ ಮುಖ ನೋಡುತ್ತಿರಲಿಲ್ಲ, ಸ್ವಿಚ್‌ಬೋರ್ಡ್ ನೋಡುತ್ತಿದ್ದ. ನೋಡಿ ಮೂಗಿನಲ್ಲಿ ಒಂದು ಸಲ ಹುಂ ಅನ್ನುತ್ತಿದ್ದ. ಆ ಹುಂ ಕೇಳಿದವರಿಗೆ ತಾವು ಹುಟ್ಟಿದ್ದೇ ದಂಡ ಅನ್ನಿಸಬೇಕು, ಹಾಗಿರುತ್ತಿತ್ತು. ಓದಿದ್ದು ಏಳನೇ ಈಯತ್ತೆ. ಇಂಗ್ಲಿಷನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ, ತುಟಿ ಅಲ್ಲಾಡಿಸುತ್ತ ಓದುತ್ತಿದ್ದ. ಆದರೆ ಮಾತು ಮಾತ್ರ ತಾನೇ ಅಣೆಕಟ್ಟು ಕಟ್ಟಿಸಿದವನ ಹಾಗೆ.

ಕಾಲುವೆ ನೀರು ಬಂದು ನಮ್ಮ ಕಡೆ ಆಗಲೇ ಒಂದು ತಲೆಮಾರು ಕಳೆದಿತ್ತು. ಭತ್ತ, ಕಬ್ಬು, ಸಾಲದ್ದಕ್ಕೆ ಸಂಡೂರಿನ ಅದಿರು ಲಾರಿಗಳು. ದುಡ್ಡು ಕಂಡವರು ಮೊದಲು ಅಕ್ಕಿ ಗಿರಣಿ ಹಾಕಿದರು, ಆಮೇಲೆ ಕಲ್ಯಾಣಮಂಟಪ ಕಟ್ಟಿಸಿದರು, ಆಮೇಲೆ ಮಗನನ್ನು ಡಾಕ್ಟರು ಮಾಡಿ ನರ್ಸಿಂಗ್ ಹೋಮ್ ಹಾಕಿಕೊಟ್ಟರು. ನಾನು ರಿಸೆಪ್ಷನ್ನಿನಲ್ಲಿ ಕೂರುತ್ತಿದ್ದ ನರ್ಸಿಂಗ್ ಹೋಮ್ ಅಂಥವುಗಳಲ್ಲಿ ಒಂದು. ತೊಂಬತ್ತರ ದಶಕದ ನಡುವೆ ಇವರಿಗೆಲ್ಲ ಕಂಪ್ಯೂಟರಿನ ಹುಚ್ಚು ಹತ್ತಿತು. ನಮ್ಮ ಡಾಕ್ಟರೂ ನಾಲ್ಕು ತರಿಸಿದರು. ನನ್ನ ಮುಂದೆ ಒಂದು, ಲ್ಯಾಬಿನಲ್ಲಿ ಒಂದು, ಮೆಡಿಕಲ್ ಸ್ಟೋರಿನಲ್ಲಿ ಒಂದು, ಡಾಕ್ಟರ ಕೋಣೆಯಲ್ಲಿ ಒಂದು. ನಾಲ್ಕನ್ನೂ ಒಂದು ಕರಿ ತಂತಿಯಲ್ಲಿ ಪೋಣಿಸಿ, ಮೂಲೆಯ ಸಣ್ಣ ಕೋಣೆಯಲ್ಲಿದ್ದ ದೊಡ್ಡ ಯಂತ್ರಕ್ಕೆ ಕಟ್ಟಿದ್ದರು. ರೋಗಿಗಳ ಕಾಗದಪತ್ರವೆಲ್ಲ ಆ ದೊಡ್ಡ ಯಂತ್ರದ ಹೊಟ್ಟೆಯಲ್ಲಿ. ಕಂಪ್ಯೂಟರಿಗೆ ಮಖಮಲ್ಲಿನ ಹೊದಿಕೆ, ಕೋಣೆಯ ಹೊರಗೆ ಚಪ್ಪಲಿ ಬಿಡಬೇಕೆಂದು ಬೋರ್ಡು. ಒಳಗೆ ಏನಿದೆ, ಅದನ್ನು ಯಾರು ತೆಗೆದು ನೋಡುತ್ತಾರೆ ಎನ್ನುವ ಚಿಂತೆ ಮಾತ್ರ ಯಾರಿಗೂ ಇರಲಿಲ್ಲ.

ಚಿಂತೆ ಹುಟ್ಟಿಸಿದವನು ಪಂಪಣ್ಣ. ತಂತಿ ಎಳೆಯಲು ಬಂದಿದ್ದ ಇಂಜಿನಿಯರಿಗೆ ಗೋಡೆ ಕೊರೆದುಕೊಡಲು ಅವನನ್ನು ಕರೆಸಿದ್ದರು. ಗೋಡೆ ಕೊರೆಯುತ್ತಲೇ ಅವನು ಎಲ್ಲವನ್ನೂ ಕದ್ದು ಕಲಿತ. ಕಲಿತವನು ಸುಮ್ಮನಿರಬೇಕಲ್ಲ, ಒಂದು ವಾರ ಬಿಟ್ಟು ಬಂದು ನೇರ ಡಾಕ್ಟರ ಮುಂದೆ ಕೂತ.

"ಡಾಕ್ಟರ, ನಿಮ್ಮ ಮನಿ ದೇವ್ರು ಯಾವುದ್ರಿ?"

"ವೀರಭದ್ರ. ಯಾಕ?"

ಪಂಪಣ್ಣ ಡಾಕ್ಟರ ಕಂಪ್ಯೂಟರನ್ನು ತನ್ನ ಕಡೆ ತಿರುಗಿಸಿಕೊಂಡು, ಒಂದೇ ಬೆರಳಿನಲ್ಲಿ ವೀರಭದ್ರ ಅಂತ ಕುಟ್ಟಿದ. ಅದು ತೆರೆದುಕೊಂಡಿತು. ನನ್ನ ಹತ್ತಿರ ಬಂದು, "ನಿಂದು ಯಾವುದಲೇ ಬಸ್ಯಾ?" ಅಂದ. ನಾನು ಹೇಳಲಿಲ್ಲ. "ನಿಮ್ಮಪ್ಪ ವರ್ಷಾ ಮೈಲಾರಕ್ಕ ಹೊಕ್ಕಾನ" ಅಂತ ತಾನೇ ಹೇಳಿಕೊಂಡು ಕುಟ್ಟಿದ. ನನ್ನದೂ ತೆರೆಯಿತು. ಮೆಡಿಕಲ್ ಸ್ಟೋರಿನದು ಹುಲಿಗೆಮ್ಮ. ಲ್ಯಾಬಿನ ನಾಗವೇಣಿಯದು ಮಾತ್ರ ಅವನಿಗೆ ಸಿಗಲಿಲ್ಲ. ಎಲ್ಲಮ್ಮ ಹಾಕಿದ, ಬನಶಂಕರಿ ಹಾಕಿದ, ಪಂಪಾಪತಿಯನ್ನೂ ಹಾಕಿದ. ಕೊನೆಗೆ ಅವಳನ್ನೇ ಕೇಳಿದ. "ಹೇಳಿದ್ರ ಅದು ಕೀಲಿ ಹೆಂಗ್ ಆಕ್ಕತ್ರಿ?" ಅಂದಳು ಅವಳು. ಪಂಪಣ್ಣ ಡಾಕ್ಟರ ಕಡೆ ತಿರುಗಿ, "ಇಡೀ ಕಟ್ಟಡದಾಗ ತಲಿ ಇರೋದು ಈ ಹೆಣ್ಮಗಳಿಗೊಬ್ಬಾಕಿಗೆ" ಎಂದ. "ಉಳಿದವ್ರು ದೇವ್ರನ್ನ ಬಾಗ್ಲಾಗ ಕುಂದರ್ಸಿ ಬಾಗ್ಲ ತೆಗದು ಮಲಗೀರಿ. ಕಳ್ಳ ಶ್ಯಾಣ್ಯಾ ಇರಬೇಕಂತ ಏನಿಲ್ರಿ ಡಾಕ್ಟರ. ನೀವಿದ್ದೀರಲ್ಲ, ಸಾಕು."

ಡಾಕ್ಟರಿಗೆ ಮುಖಕ್ಕೆ ಹೊಡೆದಂತಾಯಿತು. ಕಂಪ್ಯೂಟರು ಮಾರಿದ ಕಂಪನಿಯವರನ್ನು ಫೋನಿನಲ್ಲಿ ಕೇಳಿದರು. ಅವರು ಕಾವಲಿನ ವ್ಯವಸ್ಥೆಗೆ ಹೇಳಿದ ಬೆಲೆಯಲ್ಲಿ ಒಂದು ಟ್ರ್ಯಾಕ್ಟರು ಬರುತ್ತಿತ್ತು. ಪಂಪಣ್ಣ ಹೇಳಿದ್ದು ಹಾಲು, ಪೇಪರು ಹಾಕುವವರಿಗೆ ಕೊಡುವಷ್ಟು ತಿಂಗಳ ಬಾಬತ್ತು. "ದೊಡ್ಡ ಆಸ್ಪತ್ರಿಗೆ ದೊಡ್ಡ ನಾಯಿ ಬೇಕಾಕ್ಕತಿ. ನಿಮಗ ಬೊಗಳೋದೊಂದು ಸಿಕ್ಕ್ರ ಆತು" ಎಂದ. ಅಗ್ಗ ಎಂದರೆ ನಮ್ಮ ಡಾಕ್ಟರು ವಿಷವನ್ನೂ ಎರಡು ಬಾಟಲಿ ಕೊಳ್ಳುವವರು. ಒಪ್ಪಿದರು.

ಸಂಡೂರಿನ ಕಡೆ ಯಾವುದೋ ಗಣಿ ಕಚೇರಿಯ ಹರಾಜಿನಲ್ಲಿ ಹಿಡಿದ ಒಂದು ಹಳೆಯ ಕಂಪ್ಯೂಟರನ್ನು ಪಂಪಣ್ಣ ಗೋಣಿಯಲ್ಲಿ ಕಟ್ಟಿ ಮೊಪೆಡ್ಡಿನ ಹಿಂದೆ ತಂದ. ಅದಕ್ಕೊಂದು ಹಳೆಯ ಪ್ರಿಂಟರು, ಕರೆಂಟು ಹೋದರೆ ಆಸರೆಗೊಂದು ಲಾರಿ ಬ್ಯಾಟರಿ, ಕಾವಲು ನಡೆಯುವಷ್ಟು ಹೊತ್ತೂ ಉರಿಯುವ ಒಂದು ಕೆಂಪು ದೀಪ. ಡಾಕ್ಟರು ಮೇಲಿನ ಮಹಡಿಯಲ್ಲಿ ಇರುತ್ತಿದ್ದರು, ಅವರ ಪಡಸಾಲೆಗೊಂದು ಗಂಟೆ. ದೊಡ್ಡ ಯಂತ್ರ ಯಾರು ಯಾವ ಕಂಪ್ಯೂಟರಿನಿಂದ ಯಾವ ಕಾಗದ ತೆಗೆದರು ಎಂದು ಒಂದು ಪಟ್ಟಿ ಇಟ್ಟುಕೊಳ್ಳುತ್ತದಂತೆ. ಇವನ ಯಂತ್ರ ಐದು ನಿಮಿಷಕ್ಕೊಮ್ಮೆ ಆ ಪಟ್ಟಿ ಓದಬೇಕು. ಯಾರಾದರೂ ಮೂರು ಸಲ ತಪ್ಪು ಕೀಲಿಪದ ಹಾಕಿದರೆ, ಇಲ್ಲವೇ ಲ್ಯಾಬಿನ ವರದಿಯನ್ನು ಲ್ಯಾಬು ಮತ್ತು ಡಾಕ್ಟರ ಕೋಣೆ ಬಿಟ್ಟು ಬೇರೆ ಕಡೆಯಿಂದ ತೆಗೆದರೆ, ಪ್ರಿಂಟರು ಒಂದು ಸಾಲು ಹೊಡೆಯಬೇಕು, ಮೇಲೆ ಗಂಟೆ ಬಡಿಯಬೇಕು. ಸುಳ್ಳು ಹೇಳಬಾರದು, ಆ ಕೆಲಸ ನೋಡಲು ಚೆಂದವಿತ್ತು. ತಂತಿಗಳನ್ನು ಜಡೆ ಹೆಣೆದ ಹಾಗೆ ಹೆಣೆದಿದ್ದ.

ಮೊದಲ ಎರಡು ತಿಂಗಳು ಆ ಗಂಟೆ ನಮ್ಮ ಪ್ರಾಣ ತಿಂದಿತು. ಡಾಕ್ಟರೇ ತಮ್ಮ ಹೊಸ ಕೀಲಿಪದ ಮರೆತು ಬಡಿಸುತ್ತಿದ್ದರು. ಕರೆಂಟು ಹೋಗಿ ಬಂದರೆ ಬಡಿಯುತ್ತಿತ್ತು. ನಾನು ರೋಗಿಯೊಬ್ಬರ ವರದಿ ಬಂದಿದೆಯೇ ಎಂದು ನನ್ನ ಕಂಪ್ಯೂಟರಿನಲ್ಲೇ ಇಣುಕಿದರೂ ಬಡಿಯುತ್ತಿತ್ತು. ಡಾಕ್ಟರ ಹೆಂಡತಿ ಅದರೊಳಗೆ ಹಳೆಯ ಸೀರೆ ಚೂರು ತುರುಕಿದರು. ಬಡಿದಾಗಲೆಲ್ಲ ಪಂಪಣ್ಣ ಮೊಪೆಡ್ ಮೇಲೆ ಹಾಜರಾಗಿ, ಪ್ರಿಂಟರಿನ ಸಾಲು ಓದಿ, ರೋಗಿಗಳ ಎದುರಿಗೇ ನನಗೆ ಮಂಗಳಾರತಿ ಮಾಡುತ್ತಿದ್ದ. "ಲೇ ಬಸ್ಯಾ, ನಿನ್ನ ಕುರ್ಚಿ ಬಿಟ್ಟು ಎದ್ದು ಹೋಗಿ ಲ್ಯಾಬಿನಾಕಿನ್ನ ಕೇಳಾಕ ನಿನಗೇನ್ ಕಾಲ ಬಿದ್ದಾವೇನು? ದನಾ ಕಾಯೋದು ಇದಕ್ಕಿಂತ ಹಗುರ ಕೆಲಸ ನೋಡು, ಅವು ಹೇಳಿದ್ದು ಕೇಳ್ತಾವ." ನಾನು ಬಿ.ಕಾಂ. ಅರ್ಧಕ್ಕೆ ಬಿಟ್ಟವನು. ಏಳನೇ ಈಯತ್ತೆಯ ಒಬ್ಬ ತೂತು ಜೇಬಿನವನು ನನ್ನನ್ನು ದನಕ್ಕಿಂತ ಕಡೆ ಮಾಡಿದ್ದನ್ನು ನಾನು ಮರೆಯಲಿಲ್ಲ. ಅವನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕ್ರಮೇಣ ಎಲ್ಲರೂ ಪಳಗಿದೆವು, ಗಂಟೆಯೂ ತಣ್ಣಗಾಯಿತು. ಪಂಪಣ್ಣ ತಿಂಗಳಿಗೊಮ್ಮೆ ಬಂದು ಯಂತ್ರ ನೋಡಿ, ಬಾಗಿಲ ಹತ್ತಿರ ಕಟ್ಟಿದ್ದ ಕಾರ್ಡಿನಲ್ಲಿ 'ಎಲ್ಲಾ ಸರಿ ಇದೆ' ಎಂದು ಬರೆದು ಸಹಿ ಹಾಕಿ ಹೋಗುತ್ತಿದ್ದ. ನಮ್ಮಿಂದ ಸುದ್ದಿ ಹರಡಿ ಬೀಜ ಗೊಬ್ಬರದ ಅಂಗಡಿ, ಒಂದು ಕಾನ್ವೆಂಟು, ಕಂಪ್ಲಿಯ ಎರಡು ಗಿರಣಿ ಕಚೇರಿ, ಹೀಗೆ ಹತ್ತಾರು ಕಡೆ ಅವನ ಗಂಟೆಗಳು ಏರಿದವು. ಅವನ ತಲೆಯೂ ಏರಿತು. ಮೊದಲು ಒಂದು ತಾಸು ಕೂತು ನೋಡುತ್ತಿದ್ದವನು ಈಗ ಬಾಗಿಲಲ್ಲೇ ನಿಂತು, "ಗಂಟಿ ಬಡದೈತೇನು? ಇಲ್ಲಲ್ಲ?" ಅಂದು ಸಹಿ ಹಾಕಿ, ಚಹಾ ಕುಡಿದು ಹೋಗತೊಡಗಿದ.

ಆ ವರ್ಷದ ಆಯುಧಪೂಜೆ ಬಂತು. ನಮ್ಮ ಕಡೆ ಆವತ್ತು ದುಡಿಯುವ ಯಾವ ವಸ್ತುವನ್ನೂ ದುಡಿಸುವುದಿಲ್ಲ. ಟ್ರ್ಯಾಕ್ಟರು, ಕತ್ತರಿ, ತಕ್ಕಡಿ ಎಲ್ಲ ತೊಳೆದು ಕುಂಕುಮ ಇಟ್ಟು ಸುಮ್ಮನೆ ಕೂರಿಸುತ್ತೇವೆ. ನರ್ಸಿಂಗ್ ಹೋಮಿನ ಪೂಜೆ ನನ್ನ ಪಾಲಿನದು. ನಾನು ಎಲ್ಲ ಕಂಪ್ಯೂಟರು ಆರಿಸಿದೆ. ಮೂಲೆಯ ಕೋಣೆಗೆ ಹೋಗಿ ಪಂಪಣ್ಣನ ಯಂತ್ರವನ್ನೂ ಆರಿಸಿದೆ. ಅದೂ ಆಯುಧವೇ ಅಲ್ಲವೇ, ಅದಕ್ಕೂ ಒಂದು ದಿನ ಬಿಡುವು ಬೇಡವೇ. ವಿಭೂತಿ ಎಳೆದು, ಚೆಂಡು ಹೂವಿನ ಮಾಲೆ ಹಾಕಿ, ನಿಂಬೆಹಣ್ಣು ಇಟ್ಟೆ. ಅದರ ಮೇಲೆ ಗೋಡೆಯಲ್ಲಿ ಒಂದು ಮೊಳೆ ಇತ್ತು, ಮೊಳೆಗೆ ಪಂಪಣ್ಣ ಬರೆದು ತೂಗುಹಾಕಿದ ಒಂದು ರಟ್ಟು. ಬೇರೆ ಮೊಳೆ ಇಲ್ಲದ್ದರಿಂದ ದೇವಿಯ ಫೋಟೋವನ್ನು ಅದೇ ಮೊಳೆಗೆ, ರಟ್ಟಿನ ಮೇಲೆಯೇ ಹಾಕಿದೆ. ಮರುದಿನ ಬನ್ನಿ ಕೊಟ್ಟು ಬಂದು ಎಲ್ಲ ಸ್ವಿಚ್ಚು ಒತ್ತಿದೆ. ಎಲ್ಲವೂ ಹೊತ್ತಿಕೊಂಡವು. ಪಂಪಣ್ಣನ ಯಂತ್ರದ ಪರದೆಯ ಮೇಲೆ ಹಸಿರು ಚುಕ್ಕೆ ಮಿಣುಕುತ್ತಿತ್ತು. ಸರಿಯಾಯಿತು ಅಂದುಕೊಂಡೆ.

ಸರಿಯಾಗಿರಲಿಲ್ಲ. ಸ್ವಿಚ್ಚು ಒತ್ತಿದ ಮೇಲೆ ಒಂದು ಪದ ಟೈಪ್ ಮಾಡಿದರೆ ಮಾತ್ರ ಆ ಯಂತ್ರ ಕಾವಲು ಶುರುಮಾಡುತ್ತಿತ್ತು. ಆ ಪದ ಇದ್ದದ್ದು ದೇವಿಯ ಫೋಟೋದ ಹಿಂದಿನ ರಟ್ಟಿನಲ್ಲಿ. ಕೆಂಪು ದೀಪ ಹೊತ್ತಿಲ್ಲ ಎನ್ನುವುದನ್ನು ನಾನು ದೀಪಾವಳಿಯ ಹೊತ್ತಿಗೆ ಗಮನಿಸಿದ್ದೆ. ಗಮನಿಸಿ ಸುಮ್ಮನಾದೆ. ಗಂಟೆ ಇಲ್ಲದಿದ್ದರೆ ಮಂಗಳಾರತಿಯೂ ಇಲ್ಲ. ಆ ನಿಶ್ಶಬ್ದ ನನಗೆ ಹಿತವಾಗಿತ್ತು. ಪಂಪಣ್ಣ ಮೂರು ತಿಂಗಳು ಬಂದ, ಬಾಗಿಲಲ್ಲಿ ನಿಂತು ಕೇಳಿದ, ಮೂರು ಸಲ 'ಎಲ್ಲಾ ಸರಿ ಇದೆ' ಬರೆದ. ಒಳಗೆ ಕಾಲಿಡಲಿಲ್ಲ.

ಸಂಕ್ರಾಂತಿ ಆದ ವಾರ ಸಂಡೂರಿನಿಂದ ಒಬ್ಬ ಮನುಷ್ಯ ಎಕ್ಸ್‌ರೇ ಫಿಲ್ಮು ಹಿಡಿದುಕೊಂಡು ಬಂದ. ಅವನ ತಮ್ಮ ಗಣಿಯಲ್ಲಿ ಕಲ್ಲು ಕೊರೆಯುವ ಕೆಲಸಕ್ಕೆ ಸೇರಿದ್ದ. ಸೇರುವ ಮೊದಲು ಗುತ್ತಿಗೆದಾರ ಅವನನ್ನು ನಮ್ಮಲ್ಲಿಗೆ ಕಳಿಸಿ, ಎದೆ ಪರೀಕ್ಷೆ ಮಾಡಿಸಿ ಸರ್ಟಿಫಿಕೇಟು ಪಡೆದಿದ್ದ. ನಮ್ಮ ಸರ್ಟಿಫಿಕೇಟಿನಲ್ಲಿ ಎದೆ ಸ್ವಚ್ಛ ಅಂತ ಇತ್ತು. ಆ ಹುಡುಗ ಈಗ ಬಳ್ಳಾರಿಯ ಆಸ್ಪತ್ರೆಯಲ್ಲಿ ರಕ್ತ ಕಾರುತ್ತಿದ್ದ. ಅಲ್ಲಿನ ಡಾಕ್ಟರು ನಮ್ಮದೇ ಫಿಲ್ಮು ನೋಡಿ, ಆಗಲೇ ಎದೆಯ ತುಂಬ ಕಲೆ ಇದ್ದವಲ್ಲ ಅಂದರಂತೆ. ನಮ್ಮ ಡಾಕ್ಟರು ಹಳೆಯ ಫಿಲ್ಮುಗಳನ್ನೆಲ್ಲ ತೆಗೆಸಿ ನೋಡಿದರು. ಅಂಥವು ಇನ್ನೂ ಏಳು ಸಿಕ್ಕವು. ಫಿಲ್ಮಿನಲ್ಲಿ ಒಂದು, ಕಂಪ್ಯೂಟರಿನ ವರದಿಯಲ್ಲಿ ಇನ್ನೊಂದು.

ಎಕ್ಸ್‌ರೇ ನೋಡಿ ಡಾಕ್ಟರು ಹೇಳಿದ್ದನ್ನು ಟೈಪ್ ಮಾಡುತ್ತಿದ್ದವಳು ನಾಗವೇಣಿ. ಕಂಪ್ಲಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಅಪ್ಪ ಇರಲಿಲ್ಲ, ಅವಳ ಸಂಬಳದ ಮೇಲೆಯೇ ಮನೆ. ಗಣಿ ಟೌನ್‌ಶಿಪ್ಪಿನ ಆಸ್ಪತ್ರೆಯೊಂದರಲ್ಲಿ ಅವಳಿಗೆ ಕಾಯಂ ಕೆಲಸ ಸಿಗುವುದಿತ್ತು. ಸಂದರ್ಶನಕ್ಕೆ ಇನ್ನು ಹತ್ತು ದಿನ. ನಮ್ಮ ಡಾಕ್ಟರ ಅನುಭವ ಪತ್ರವೊಂದು ಬೇಕಿತ್ತು.

ಡಾಕ್ಟರು ಪಂಪಣ್ಣನನ್ನು ಕರೆಸಿದರು. ನಾಗವೇಣಿಯನ್ನೂ ನನ್ನನ್ನೂ ನಿಲ್ಲಿಸಿಕೊಂಡು, "ಹೊರಗಿಂದ ಯಾರರ ಕೈ ಹಾಕ್ಯಾರೇನು ಹೇಳು" ಅಂದರು.

ಪಂಪಣ್ಣ ಮೂಗಿನಲ್ಲಿ ಹುಂ ಅಂದ. "ನನ್ನ ಗಂಟಿ ಬಡದಿಲ್ಲ ಅಂದ್ರ ಯಾರೂ ಕೈ ಹಾಕಿಲ್ರಿ. ಬ್ಯಾರೆ ಮಿಷಿನಿಂದ ಮುಟ್ಟಿದ್ರ ಮ್ಯಾಲಿನ ಓಣಿಗೂ ಕೇಳತಿತ್ತು. ನಿಮ್ಮ ಕ್ವಾಣ್ಯಾಗಿಂದು ನೀವು ಮಾಡಿಲ್ಲ ಅಂದ ಮ್ಯಾಲ ಉಳಿದಿದ್ದು ಲ್ಯಾಬು. ಲ್ಯಾಬಿನ ಕೀಲಿ ಯಾರಿಗೆ ಗೊತ್ತೈತಿ ನೀವ ಹೇಳ್ರಿ."

ನಾಗವೇಣಿ ಅಳಲಿಲ್ಲ. "ಆ ದೊಡ್ಡ ಮಿಷಿನಿನ ಪಟ್ಟಿ ತೆಗದು ನೋಡ್ರಿ ಸರ್, ನಾ ಇಲ್ಲದ ಹೊತ್ತಿನ್ಯಾಗ ಮಾಡ್ಯಾರೇನು ನೋಡ್ರಿ" ಅಂದಳು. ಡಾಕ್ಟರು ನೋಡಲಿಲ್ಲ. ಗಂಟೆ ಬಡಿದಿಲ್ಲ, ಇನ್ನೇನು ನೋಡುವುದು. ಅನುಭವ ಪತ್ರ ಕೊಡುವುದಿಲ್ಲ, ಪೊಲೀಸರಿಗೆ ಕೊಡದಿದ್ದದ್ದೇ ಪುಣ್ಯ ಎಂದುಕೋ ಎಂದು ಅಂದೇ ಹೊರಗೆ ಹಾಕಿದರು.

ಗಂಟೆ ಬಡಿದಿಲ್ಲ ಎಂಬ ಮಾತು ಪಂಪಣ್ಣನ ಬಾಯಿಂದ ಬಂದಾಗ ನನಗೆ ಆ ಆರಿದ ಕೆಂಪು ದೀಪ ನೆನಪಾಯಿತು. ಎಲ್ಲರೂ ಹೋದ ಮೇಲೆ ಮೂಲೆಯ ಕೋಣೆಗೆ ಹೋಗಿ ದೇವಿಯ ಫೋಟೋ ಎತ್ತಿ ನೋಡಿದೆ. ರಟ್ಟಿನಲ್ಲಿ ಕನ್ನಡದಲ್ಲೇ ಬರೆದಿತ್ತು: 'ಸ್ವಿಚ್ ಹಾಕಿದ ಮೇಲೆ ಕೆಳಗಿನ ಪದ ಒತ್ತಬೇಕು. ಒತ್ತದಿದ್ದರೆ ಕಾವಲು ಇಲ್ಲ.' ನನಗೆ ಎಲ್ಲ ತಿಳಿಯಿತು. ಫೋಟೋ ಇದ್ದ ಹಾಗೆಯೇ ಬಿಟ್ಟು ಬಂದು ನನ್ನ ಕುರ್ಚಿಯಲ್ಲಿ ಕೂತೆ. ನಾಲ್ಕು ದಿನ ಹಾಗೆಯೇ ಕೂತೆ.

ಐದನೆಯ ದಿನ ಮಧ್ಯಾಹ್ನ ಪಂಪಣ್ಣ ತಾನಾಗಿ ಬಂದ. ಎಂಟು ವರದಿಗಳಿದ್ದ ದಿನಗಳಲ್ಲಿ ತನ್ನ ಪ್ರಿಂಟರು ಏನೂ ಹೊಡೆದಿಲ್ಲ ಎಂದು ಕಾಗದ ಸಮೇತ ಡಾಕ್ಟರಿಗೆ ತೋರಿಸಿ, ಇನ್ನೊಂದು ನರ್ಸಿಂಗ್ ಹೋಮಿಗೆ ಶಿಫಾರಸು ಪತ್ರ ಪಡೆಯುವ ಆಸೆ ಅವನಿಗೆ. ಮೂರು ತಿಂಗಳಲ್ಲಿ ಮೊದಲ ಸಲ ಒಳಗೆ ಹೋದ. ನಾನು ಬಾಗಿಲಲ್ಲಿ ನಿಂತೆ. ಅವನು ಬಾಡಿ ಒಣಗಿದ ಚೆಂಡು ಹೂವಿನ ಮಾಲೆ ನೋಡಿದ. ಆರಿದ ಕೆಂಪು ದೀಪ ನೋಡಿದ. ಪ್ರಿಂಟರಿನ ಕಾಗದ ಎಳೆದು ಕೊನೆಯ ಸಾಲಿನ ತಾರೀಖು ಓದಿದ, ತುಟಿ ಅಲ್ಲಾಡಿಸುತ್ತ. ಆಯುಧಪೂಜೆಯ ಹಿಂದಿನ ದಿನದ್ದು. ಆಮೇಲೆ ಫೋಟೋ ತೆಗೆದು ಮೇಜಿನ ಮೇಲಿಟ್ಟು, ತಾನು ಬರೆದ ರಟ್ಟನ್ನು ಬಹಳ ಹೊತ್ತು ನೋಡಿದ.

"ಬಸ್ಯಾ, ಇದನ್ನ ನೀ ಆರಿಸಿದೇನು?"

"ಪೂಜಾಕ ಆರಿಸಿದ್ನಿರಿ. ಮರುದಿನ ಹಚ್ಚೀನಿ. ಒಳಗಿಂದು ನನಗೇನ್ ಗೊತ್ತು?"

"ದೀಪ ಇಲ್ಲದ್ದು ನೋಡಿದ್ದಿಲ್ಲೇನು?"

ನಾನು ಬಾಗಿಲ ಚೌಕಟ್ಟಿನ ಬಣ್ಣ ಕೆರೆಯುತ್ತ ನಿಂತೆ.

"ಆ ಹುಡುಗೀನ್ನ ಹೊರಗ ಹಾಕೂ ಮುಂದ ಗೊತ್ತಿತ್ತೇನು?"

"ಆಮ್ಯಾಲ ಗೊತ್ತಾತು" ಅಂದೆ. "ನೀವೂ ಮೂರು ಸರ್ತಿ ಸಹಿ ಹಾಕೀರಿ. ಬಾಯಿ ಬಿಟ್ರ ಇಬ್ರಿಗೂ ಕುತ್ತು."

ಅವನನ್ನು ಸಿಕ್ಕಿಸಿದೆ ಎಂದು ನನಗೆ ಆ ಕ್ಷಣ ಒಳಗೊಳಗೇ ಖುಷಿಯಾಯಿತು. ಎಷ್ಟು ಬೈದಿದ್ದ ನನ್ನನ್ನು. ಈಗ ಬೈಯಲಿ ನೋಡೋಣ. ಅವನು ಬೈಯಲಿಲ್ಲ. ನನ್ನ ಕೌಂಟರಿಗೆ ಬಂದು ಒಂದು ಬಿಳಿ ಹಾಳೆ ಕೇಳಿದ. ನಿಂತುಕೊಂಡೇ ಬರೆದ. ಗೀಚುಗೀಚು ಅಕ್ಷರ, ತಪ್ಪುಗಳ ರಾಶಿ. ನಾನು ಹೆಗಲ ಮೇಲಿಂದ ಓದಿದೆ. 'ಆಯುದಪೂಜಿಯಿಂದ ಇವತ್ತಿನ ತನಕ ನನ್ನ ಯಂತ್ರ ನಡದಿಲ್ಲ. ನಾನು ಬಂದು ನೋಡದೆ ಮೂರು ಸಲ ಸಹಿ ಹಾಕೇನಿ. ಗಂಟಿ ಬಡದಿಲ್ಲ ಅಂತ ನಾನು ಹೇಳಿದ ಮಾತಿಗೆ ಕಿಮ್ಮತ್ತು ಇಲ್ಲ. ಆ ಹೆಣ್ಣುಮಗಳ ಮೇಲೆ ಬಂದ ಅಪವಾದ ನನ್ನ ಮಾತಿನಿಂದ ಬಂದದ್ದು. ದೊಡ್ಡ ಯಂತ್ರದ ಪಟ್ಟಿ ತೆಗದು ನೋಡಬೇಕು.' ಕೆಳಗೆ ಸಹಿ.

ಪೂಜೆಯ ಮಾತು ಬಂದಿತ್ತು, ನನ್ನ ಹೆಸರು ಎಲ್ಲೂ ಇರಲಿಲ್ಲ. "ನನ್ನ ಸುದ್ದಿ ಬರದಿಲ್ಲಲ್ರಿ" ಅಂದೆ, ಕೃತಜ್ಞತೆಯಂಥ ದನಿಯಲ್ಲಿ.

ಅವನು ಹಾಳೆ ಮಡಚುತ್ತ ನನ್ನ ಮುಖವನ್ನು ನೋಡಿದ. ಮೊದಲು ಸ್ವಿಚ್‌ಬೋರ್ಡ್ ನೋಡುವ ಮನುಷ್ಯ ಆವತ್ತು ನೇರ ನನ್ನ ಮುಖ ನೋಡಿದ. "ನಿನ್ನ ಮ್ಯಾಲ ಕನಿಕರ ಬಂದು ಬಿಟ್ಟೀನಿ ಅಂದ್ಕೋಬ್ಯಾಡ" ಎಂದ. "ಕಾಯೋದು ನನ್ನ ಕೆಲಸ ಇತ್ತು, ಅದರ ರೊಕ್ಕ ತಿಂದೀನಿ. ನಿಂದು ಕುಂಕುಮ ಹಚ್ಚೂದು, ಅದನ್ನ ನೀ ಬರೋಬ್ಬರಿ ಮಾಡೀದಿ. ಆಮ್ಯಾಲಿಂದು ಹೇಳೂದು ಬಿಡೂದು ನಿನಗ ಬಿಟ್ಟಿದ್ದು. ನಿನ್ನ ಹೆಸರು ಬರದು ಹಾಳಿ ಯಾಕ ಹೊಲಸ ಮಾಡ್ಲಿ."

ಮೇಲೆ ಹೋದ. ಡಾಕ್ಟರ ಕೂಗಾಟ ಕೆಳಗಿನ ವಾರ್ಡಿನ ತನಕ ಕೇಳಿಸಿತು. ಕಳ್ಳ, ಮೋಸಗಾರ, ದುಡ್ಡು ತಿಂದ ನಾಯಿ, ಎಲ್ಲ ಆಯಿತು. ಡಾಕ್ಟರು ಇಂಜಿನಿಯರನ್ನು ಕರೆಸಿ ದೊಡ್ಡ ಯಂತ್ರದ ಪಟ್ಟಿ ತೆಗೆಸಿದರು. ಎಂಟೂ ವರದಿಗಳನ್ನು ಮೆಡಿಕಲ್ ಸ್ಟೋರಿನ ಕಂಪ್ಯೂಟರಿನಿಂದ ತಿದ್ದಿದ್ದರು. ನಾಗವೇಣಿ ಸಂಜೆ ಬಸ್ಸು ಹತ್ತಿದ ಮೇಲಿನ ಹೊತ್ತಿನಲ್ಲಿ. ಬಳಸಿದ್ದು ಡಾಕ್ಟರದೇ ಕೀಲಿಪದ. ಡಾಕ್ಟರು ಹೊಸ ಪದ ನೆನಪಿರದೆ ಯಾವತ್ತೋ ಮತ್ತೆ ವೀರಭದ್ರನಿಗೇ ಮರಳಿದ್ದರು. ಸ್ಟೋರು ನಡೆಸುತ್ತಿದ್ದವನು ಅವರ ಷಡ್ಡಕ. ಗಣಿಯ ಗುತ್ತಿಗೆದಾರರ ಜೊತೆ ಅವನ ಊಟ ತಿಂಡಿ ಎಲ್ಲ ಇತ್ತು, ಎದೆ ಕೆಟ್ಟ ಆಳುಗಳನ್ನೂ ಕೆಲಸಕ್ಕೆ ಹಚ್ಚಲು ಅವರಿಗೆ ಸ್ವಚ್ಛ ಸರ್ಟಿಫಿಕೇಟು ಬೇಕಿತ್ತು. ಷಡ್ಡಕ ಅಂದ ಮೇಲೆ ಪೊಲೀಸರ ಮಾತು ಯಾರೂ ಎತ್ತಲಿಲ್ಲ. ಸ್ಟೋರು ಇನ್ನೊಬ್ಬರ ಕೈಗೆ ಹೋಯಿತು, ಷಡ್ಡಕ ಗಂಗಾವತಿಯಲ್ಲಿ ಬೇರೆ ಅಂಗಡಿ ಹಾಕಿದ. ಊರಿನವರ ಬಾಯಿಗೆ ಸಿಕ್ಕಿದ್ದು ಪಂಪಣ್ಣ ಒಬ್ಬನೇ. ಒಂದು ತಿಂಗಳಲ್ಲಿ ಕಾನ್ವೆಂಟು, ಗೊಬ್ಬರದ ಅಂಗಡಿ, ಗಿರಣಿಗಳು, ಎಲ್ಲರೂ ಅವನ ಗಂಟೆ ಬಿಚ್ಚಿಸಿದರು.

ನಮ್ಮಲ್ಲಿಗೆ ಅವನು ತನ್ನ ಯಂತ್ರ ಒಯ್ಯಲು ಬಂದದ್ದೇ ಕೊನೆಯ ಭೇಟಿ. ಮಾಲೆ ತೆಗೆದು ಕಸದ ಬುಟ್ಟಿಗೆ ಹಾಕಿದ, ವಿಭೂತಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ. ಗೋಣಿಯಲ್ಲಿ ಸುತ್ತಿ ಮೊಪೆಡ್ಡಿಗೆ ಹೇರಿದಾಗ ಒಬ್ಬನಿಂದ ಕಟ್ಟಲಾಗಲಿಲ್ಲ. ನಾನು ಹೋಗಿ ಹಗ್ಗದ ಒಂದು ತುದಿ ಹಿಡಿದೆ. "ಗಟ್ಟಿ ಹಿಡಿ" ಅಂದ, ಅಷ್ಟೇ. ಅಂಗಡಿ ಮುಚ್ಚಿ ಕಂಪ್ಲಿಯ ಆಚೆ ಯಾವುದೋ ಹಳ್ಳಿಯಲ್ಲಿ ಪಂಪುಸೆಟ್ಟಿನ ಸ್ಟಾರ್ಟರು ರಿಪೇರಿ ಮಾಡಿಕೊಂಡಿದ್ದಾನೆ ಎಂದು ಕೇಳಿದೆ. ಕೆಲವು ವರ್ಷದ ಮೇಲೆ ಅಲ್ಲಿಯೇ ತೀರಿಕೊಂಡನಂತೆ. ಮಣ್ಣಿಗೆ ನಾನು ಹೋಗಲಿಲ್ಲ.

ನಾಗವೇಣಿ ಅನುಭವ ಪತ್ರ ತೆಗೆದುಕೊಳ್ಳಲು ಬಂದದ್ದು ಸಂದರ್ಶನದ ಹಿಂದಿನ ದಿನ. ಡಾಕ್ಟರು ಮೇಲಿಂದ ಇಳಿಯಲಿಲ್ಲ, ಲಕೋಟೆಯನ್ನು ನನ್ನ ಕೈಯಲ್ಲಿ ಕೊಟ್ಟಿದ್ದರು. ಅವಳು ಕೌಂಟರಿನ ಆಚೆ ನಿಂತು ಪತ್ರವನ್ನು ಎರಡು ಸಲ ಓದಿದಳು. ಅಲ್ಲಿಯ ತನಕ ಬಿಗಿಹಿಡಿದಿದ್ದ ಮುಖ ಆಮೇಲೆ ಸಡಿಲಾಯಿತು.

"ಮೂರು ತಿಂಗಳಾಗ ಒಂದ್ ಸರ್ತಿ ಒಳಗ ಹೋಗಿ ನೋಡಿದ್ರ ಸಾಕಿತ್ತಲ್ರಿ ಆ ಮನುಷ್ಯಾ" ಅಂದಳು. "ಗೊತ್ತಿಲ್ಲದ ನಿಂತು ನನ್ನ ಮ್ಯಾಲ ಹೇಳಿಬಿಟ್ಟ. ನಮ್ಮವ್ವ ನಾಲ್ಕು ದಿನ ಉಂಡಿಲ್ರಿ. ನೀವು ಅವನ ಸಂಗಾಟ ಇಷ್ಟ್ ದಿನಾ ಇದ್ದವ್ರು. ಎಂಥಾ ಮನುಷ್ಯಾರಿ ಅವ?"

ಅವಳು ನನ್ನನ್ನೇ ನೋಡುತ್ತಿದ್ದಳು. ಹೇಳಬೇಕಾದದ್ದು ನಾಲಿಗೆಯ ತುದಿಗೆ ಬಂದಿತ್ತು. ಕೌಂಟರಿನ ಹತ್ತಿರ ಬೇರೆ ಯಾರೂ ಇರಲಿಲ್ಲ.

"ಭಾಳ ಹೊಲಸು ಮನುಷ್ಯಾರಿ" ಅಂದೆ.

ಅವಳು ತಲೆಯಾಡಿಸಿ, ಪತ್ರವನ್ನು ಮಡಚಿ ಚೀಲದಲ್ಲಿಟ್ಟುಕೊಂಡು, ನನಗೆ ಕೈಮುಗಿದು ಹೋದಳು.